ಶುದ್ಧ ತಳಿಯ ನಾಯಿಗಳ ಆಯುಷ್ಯ ಮತ್ತು ಕ್ಯಾನ್ಸರ್

ಶುದ್ಧ ತಳಿಯ ನಾಯಿಗಳ ಜೀವಿತಾವಧಿಯೂ ಅವುಗಳಿಗೆ ಕ್ಯಾನ್ಸರ್ ಬರುವ ಸಂಭವವೂ ತಳಿಯಿಂದ ತಳಿಗೆ ಬಹಳ ಭಿನ್ನವಾಗಿವೆ. ಆಹಾರ ಮತ್ತು ಆರೈಕೆಗಳಷ್ಟೇ ತಂದೆತಾಯಿಗಳಿಂದ ಬಂದ ವಂಶವಾಹಿಗಳೂ ಇದಕ್ಕೆ ಕಾರಣ. ನಾಯಿಯ ಜೀವಕೋಶದಲ್ಲಿ 39 ಜೊತೆ ವರ್ಣತಂತುಗಳಿವೆ. ಟಾಶಾ ಎಂಬ ಬಾಕ್ಸರ್ ನಾಯಿಯ ಜೀನೋಮ್ 2005ರಲ್ಲಿ ಪ್ರಕಟವಾದ ಬಳಿಕ ಈ ಅಧ್ಯಯನ ಚುರುಕುಗೊಂಡಿತು.

ದೇಹದ ಗಾತ್ರ

ಸಸ್ತನಿಗಳಲ್ಲಿ ಸಾಮಾನ್ಯವಾಗಿ ದೊಡ್ಡ ಪ್ರಾಣಿಗೆ ದೀರ್ಘಾಯುಷ್ಯ. ಇಲಿಗಿಂತ ಆನೆ ಹೆಚ್ಚು ಕಾಲ ಬದುಕುತ್ತದೆ. ನಾಯಿಗಳೊಳಗೆ ಮಾತ್ರ ಈ ನಿಯಮ ತಲೆಕೆಳಗಾಗಿದೆ. ಗ್ರೇಟ್ ಡೇನ್ ಸಾಮಾನ್ಯವಾಗಿ 7ರಿಂದ 10 ವರ್ಷ ಬದುಕಿದರೆ, ಅನೇಕ ಚಿಕ್ಕ ತಳಿಗಳು 13 ವರ್ಷ ದಾಟುತ್ತವೆ. ದೇಹತೂಕ 2 ಕಿಲೋಗ್ರಾಂ ಹೆಚ್ಚಿದಂತೆ ಆಯುಷ್ಯ ಸುಮಾರು ಒಂದು ತಿಂಗಳು ಕುಗ್ಗುತ್ತದೆ ಎಂದು 2013ರ ಅಧ್ಯಯನವೊಂದು ಅಂದಾಜಿಸಿತು. ದೊಡ್ಡ ನಾಯಿಗಳಿಗೆ ಮುಪ್ಪು ವೇಗವಾಗಿ ಆವರಿಸುವುದೇ ಇದರ ಮುಖ್ಯ ಕಾರಣ. ಬೆಳವಣಿಗೆಯನ್ನು ನಿಯಂತ್ರಿಸುವ ಐಜಿಎಫ್-1 ಎಂಬ ವಂಶವಾಹಿಯು ಚಿಕ್ಕ ತಳಿಗಳ ಗಾತ್ರವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ ಎಂಬುದು 2007ರಲ್ಲಿ ತಿಳಿದುಬಂತು.

ತಳಿಗೊಂದು ಕ್ಯಾನ್ಸರ್

ಒಂದು ತಳಿ ಕೆಲವೇ ಪೂರ್ವಜರಿಂದ ಆರಂಭವಾಗಿ, ಪ್ರದರ್ಶನಗಳಲ್ಲಿ ಗೆದ್ದ ಒಂದೆರಡು ಗಂಡುನಾಯಿಗಳನ್ನೇ ಮತ್ತೆ ಮತ್ತೆ ಬಳಸಿದಾಗ, ಆ ಪೂರ್ವಜರ ದೋಷಗಳೂ ತಳಿಯ ತುಂಬ ಹರಡುತ್ತವೆ. ಬರ್ನೀಸ್ ಮೌಂಟನ್ ನಾಯಿಗಳಲ್ಲಿ ಅಂದಾಜು ನಾಲ್ಕರಲ್ಲಿ ಒಂದು ಹಿಸ್ಟಿಯೋಸೈಟಿಕ್ ಸಾರ್ಕೋಮಾ ಎಂಬ ಉಗ್ರ ಕ್ಯಾನ್ಸರಿಗೆ ತುತ್ತಾಗುತ್ತದೆ. ಕೋಶವಿಭಜನೆಗೆ ಕಡಿವಾಣ ಹಾಕುವ ವಂಶವಾಹಿಯ ಸಮೀಪದ ವ್ಯತ್ಯಾಸಗಳಿಗೂ ಇದಕ್ಕೂ ನಂಟು ಕಂಡುಬಂದಿದೆ. ಸ್ಕಾಟಿಷ್ ಟೆರಿಯರ್‌ಗಳಿಗೆ ಮೂತ್ರಕೋಶದ ಕ್ಯಾನ್ಸರಿನ ಅಪಾಯ ಇತರ ನಾಯಿಗಳಿಗಿಂತ ಹಲವು ಪಟ್ಟು ಹೆಚ್ಚು. ಜರ್ಮನ್ ಶೆಫರ್ಡ್ ಮತ್ತು ಗೋಲ್ಡನ್ ರಿಟ್ರೀವರ್‌ಗಳಲ್ಲಿ ರಕ್ತನಾಳದ ಕ್ಯಾನ್ಸರ್ ಹೆಚ್ಚು. ಇದು ಗುಲ್ಮದಲ್ಲಿ ಸದ್ದಿಲ್ಲದೆ ಬೆಳೆದು, ಒಡೆದಾಗಲಷ್ಟೇ ಗೊತ್ತಾಗುವುದುಂಟು.

ಅಮೆರಿಕದಲ್ಲಿ 2012ರಿಂದ 3,000ಕ್ಕೂ ಹೆಚ್ಚು ಗೋಲ್ಡನ್ ರಿಟ್ರೀವರ್‌ಗಳನ್ನು ಜೀವನಪರ್ಯಂತ ಗಮನಿಸುವ ಅಧ್ಯಯನ ನಡೆದಿದೆ. 2023ರ ಬೇರೊಂದು ಸಂಶೋಧನೆಯು ಇದೇ ತಳಿಯಲ್ಲಿ ಎಚ್‌ಇಆರ್-4 ವಂಶವಾಹಿಯ ಒಂದು ರೂಪವಿರುವ ನಾಯಿಗಳು ಸರಾಸರಿ ಎರಡು ವರ್ಷದಷ್ಟು ಹೆಚ್ಚು ಬದುಕುವುದನ್ನು ತೋರಿಸಿತು. ಅಂದರೆ ರೋಗಕ್ಕೆ ಹೆಸರಾದ ತಳಿಯೊಳಗೂ ದೀರ್ಘಾಯುಷ್ಯದ ಬೀಜವಿದೆ.

ಮಿಶ್ರತಳಿಯ ಪ್ರಶ್ನೆ

ಮಿಶ್ರತಳಿ ಯಾವಾಗಲೂ ಗಟ್ಟಿ ಎಂಬ ನಂಬಿಕೆ ಪೂರ್ಣ ಸರಿಯಲ್ಲ. ಬ್ರಿಟನ್ನಿನ 5.8 ಲಕ್ಷಕ್ಕೂ ಹೆಚ್ಚು ನಾಯಿಗಳ ಮಾಹಿತಿಯನ್ನು ಆಧರಿಸಿದ 2024ರ ಅಧ್ಯಯನದಲ್ಲಿ ಶುದ್ಧ ತಳಿಗಳ ಮಧ್ಯಾಂಕ ಆಯುಷ್ಯ 12.7 ವರ್ಷ, ಮಿಶ್ರತಳಿಗಳದು 12 ವರ್ಷ. ಹೆಚ್ಚು ಹಾನಿ ಕಂಡುಬಂದದ್ದು ಚಪ್ಪಟೆ ಮೂತಿಯ ನಾಯಿಗಳಲ್ಲಿ. ನಾಯಿ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಆದ್ದರಿಂದ ಭಟ್ಕಳ, ಹೊನ್ನಾವರ, ಕುಮಟಾಗಳಂಥ ಕರಾವಳಿಯ ಸೆಕೆಯಲ್ಲಿ ಪಗ್ ಸಾಕುವುದು ಆ ಪ್ರಾಣಿಗೆ ಕಷ್ಟಕರ.

ಕರ್ನಾಟಕದ ತಳಿ

ಮುಧೋಳದ ಘೋರ್ಪಡೆ ಅರಸರು ಪೋಷಿಸಿದ ಮುಧೋಳ ಬೇಟೆನಾಯಿ ನಾಡಿನ ಪ್ರಸಿದ್ಧ ತಳಿ. 2005ರಲ್ಲಿ ಇದರ ಅಂಚೆಚೀಟಿ ಹೊರಬಂದಿತು. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿರುವ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವು ಇದರ ಸಂರಕ್ಷಣೆಯಲ್ಲಿ ತೊಡಗಿದೆ. ಬೇಡಿಕೆ ಏರಿದಾಗ ಹತ್ತಿರದ ರಕ್ತಸಂಬಂಧದ ನಾಯಿಗಳನ್ನೇ ಕೂಡಿಸಿ ಮರಿ ಮಾರುವುದು ಯಾವ ತಳಿಗೂ ಅಪಾಯಕರ. ಮುಧೋಳವೂ ಇದಕ್ಕೆ ಹೊರತಲ್ಲ. ವಂಶಾವಳಿಯ ದಾಖಲೆಯೇ ಇದಕ್ಕೆ ತಡೆ. ಮರಿ ಕೊಳ್ಳುವವರು ಅದರ ಬಣ್ಣ, ಬೆಲೆಗಳ ಜೊತೆಗೆ, ಅಜ್ಜ-ಅಜ್ಜಿ ನಾಯಿಗಳು ಎಷ್ಟು ವರ್ಷ ಬದುಕಿದವು, ಯಾವುದರಿಂದ ಸತ್ತವು ಎಂದು ವಿಚಾರಿಸುವುದು ಸೂಕ್ತ.