ಎಣ್ಣೆ ಕಪ್ಪಾದರೆ ಕೆಟ್ಟಿತೇ?

ಕಾರು ಇಟ್ಟುಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ಎಂಜಿನ್ ಆಯಿಲನ್ನು ಎಷ್ಟು ಕಿಲೋಮೀಟರಿಗೊಮ್ಮೆ ಬದಲಿಸಬೇಕು? ಕಾರಿನ ಜೊತೆ ಬಂದ ಪುಸ್ತಕ ತೆರೆದರೆ 10,000 ಎಂದಿರುತ್ತದೆ. ಮನೆ ಹತ್ತಿರದ ಗ್ಯಾರೇಜಿನವರು 5,000 ದಾಟಿಸಬೇಡಿ ಎನ್ನುತ್ತಾರೆ. ಅಂಬಾಸಿಡರ್ ಓಡಿಸಿದ ಕಾಲದ ಹಿರಿಯರು ಮನೆಯಲ್ಲಿದ್ದರೆ ಲೆಕ್ಕ 3,000ಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರ ಮನಸ್ಸಿನಲ್ಲಿರುವ ಎಂಜಿನ್ ಬೇರೆ, ಎಣ್ಣೆಯೂ ಬೇರೆ. ಆದರೆ ಮೂವರೂ ಕಿಲೋಮೀಟರನ್ನೇ ಹಿಡಿದು ಕೂತಿದ್ದಾರೆ. ಕಾರು ಎಷ್ಟು ದೂರ ಹೋಯಿತು ಎಂಬುದು ಎಣ್ಣೆಗೆ ಗೊತ್ತೇ ಆಗುವುದಿಲ್ಲ. ಎಷ್ಟು ಹೊತ್ತು ದುಡಿದೆ, ಎಷ್ಟು ಬಿಸಿಯಾದೆ, ಒಳಗೆ ಏನೇನು ಬಂದು ಸೇರಿಕೊಂಡಿತು ಎಂಬುದಷ್ಟೇ ಅದರ ಲೆಕ್ಕ. ಈ ಲೆಕ್ಕದಲ್ಲಿ ನೋಡಿದರೆ, ದಿನವೂ ನೂರಾರು ಕಿಲೋಮೀಟರ್ ಓಡುವ ಟ್ಯಾಕ್ಸಿಯ ಎಣ್ಣೆಗಿಂತ ತರಕಾರಿ ತರಲು ಮಾತ್ರ ಹೊರಡುವ ಕಾರಿನ ಎಣ್ಣೆ ಕಡಿಮೆ ಕಿಲೋಮೀಟರಿಗೇ ಕೆಡುತ್ತದೆ.

ಅದು ಹೇಗೆಂದು ನೋಡುವ ಮೊದಲು ಬಣ್ಣದ ವಿಚಾರ ಇತ್ಯರ್ಥವಾಗಬೇಕು, ಏಕೆಂದರೆ ಎಣ್ಣೆಯ ಬಗ್ಗೆ ನಮ್ಮಲ್ಲಿರುವ ಮೂಢನಂಬಿಕೆಗಳಲ್ಲಿ ಇದೇ ಹಿರಿಯಣ್ಣ. ಬಾನೆಟ್ ಎತ್ತಿ, ಡಿಪ್‌ಸ್ಟಿಕ್ ಎಳೆದು, ವೇಸ್ಟ್ ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆದು, ತುದಿಯ ಹನಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡುವ ಮೆಕ್ಯಾನಿಕ್ಕಿನ ತೀರ್ಪು ಸಾಮಾನ್ಯವಾಗಿ ಒಂದೇ: ‘ನೋಡಿ ಸಾರ್, ಫುಲ್ ಬ್ಲ್ಯಾಕು. ಜಿಡ್ಡೇ ಇಲ್ಲ.’ ಕಾರಿನ ಮಾಲೀಕರು ಅದೇ ಕ್ಷಣ ಪರ್ಸಿಗೆ ಕೈಹಾಕುತ್ತಾರೆ. ಡೀಸೆಲ್ ಕಾರಾದರೆ ಹೊಸ ಎಣ್ಣೆ ಸುರಿದು ಕೆಲವು ದಿನಗಳಲ್ಲೇ ಹನಿ ಹೀಗೆ ಕಪ್ಪಾಗಿರುತ್ತದೆ. ಬಣ್ಣವೇ ಪ್ರಮಾಣವಾದರೆ ಡೀಸೆಲ್ ಕಾರಿನವರು ವಾರಕ್ಕೊಮ್ಮೆ ಗ್ಯಾರೇಜಿಗೆ ಬರಬೇಕಾದೀತು. ಬೆರಳಿನ ಪರೀಕ್ಷೆಯೂ ಅಷ್ಟೇ. 30 ಡಿಗ್ರಿ ಶಾಖದ ಬೆರಳಿಗೆ ತಾಗುವ ಜಿಡ್ಡಿಗೂ 100 ಡಿಗ್ರಿಯಲ್ಲಿ ಬೇರಿಂಗಿನ ಸಂದಿಯೊಳಗೆ ಎಣ್ಣೆ ಹೇಗೆ ನಡೆದುಕೊಳ್ಳುತ್ತದೆ ಎಂಬುದಕ್ಕೂ ಹೆಚ್ಚಿನ ಸಂಬಂಧವಿಲ್ಲ.

ಹಾಗಾದರೆ ಕಪ್ಪು ಎಲ್ಲಿಂದ ಬಂತು? ಇಂಧನ ಉರಿದಾಗ ಹುಟ್ಟುವ ಮಸಿಯಲ್ಲಿ ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳ ಸಂದಿಯಿಂದ ನುಸುಳಿ ಎಣ್ಣೆಗೆ ಬೀಳುತ್ತದೆ. ಈ ಮಸಿಯ ಮೂಲ ಕಣಗಳು ಕೇವಲ ಹತ್ತಾರು ನ್ಯಾನೋಮೀಟರ್ ಗಾತ್ರದವು. ಎಣ್ಣೆಯ ಫಿಲ್ಟರ್ ಹಿಡಿಯುವುದು ಮೈಕ್ರಾನ್ ಲೆಕ್ಕದ ಕಸವನ್ನು. ಅದರ ಕಣ್ಣಿಗೆ ಮಸಿ ಬೀಳುವುದೇ ಇಲ್ಲ. ಒಂಟಿ ಒಂಟಿಯಾಗಿದ್ದರೆ ಇವು ನಿರುಪದ್ರವಿಗಳು. ಗುಂಪುಗೂಡಿದರೆ ಕಿಟ್ಟವಾಗಿ ಎಣ್ಣೆಯ ದಾರಿಗಳನ್ನು ಕಟ್ಟುತ್ತವೆ, ಟೈಮಿಂಗ್ ಚೈನಿನ ಕೀಲುಗಳನ್ನು ಸವೆಸುತ್ತವೆ. ಅವು ಗುಂಪುಗೂಡದಂತೆ ನೋಡಿಕೊಳ್ಳುವುದಕ್ಕೆ ಎಣ್ಣೆಯಲ್ಲಿ ಡಿಸ್ಪರ್ಸೆಂಟ್ ಎಂಬ ಉದ್ದ ಬಾಲದ ಅಣುಗಳನ್ನು ಬೆರೆಸಿರುತ್ತಾರೆ. ತಲೆ ಮಸಿಯ ಕಣವನ್ನು ಕಚ್ಚಿಕೊಳ್ಳುತ್ತದೆ, ಬಾಲ ಎಣ್ಣೆಯಲ್ಲಿ ತೇಲುತ್ತದೆ, ಹೀಗೆ ಪ್ರತಿ ಕಣವೂ ಇನ್ನೊಂದರಿಂದ ದೂರ ಉಳಿಯುತ್ತದೆ. ಬಟ್ಟೆ ಒಗೆದ ನೀರು ಕೊಳೆಯಾದಷ್ಟೂ ಬಟ್ಟೆ ಶುಭ್ರವಾಯಿತು ಎಂದು ಸಂತೋಷಪಡುವ ನಾವು ಎಂಜಿನ್ ವಿಷಯದಲ್ಲಿ ಮಾತ್ರ ತದ್ವಿರುದ್ಧವಾಗಿ ಯೋಚಿಸುತ್ತೇವೆ. ಸಾವಿರಾರು ಕಿಲೋಮೀಟರ್ ಓಡಿದ ಮೇಲೂ ಹೊಂಬಣ್ಣದಲ್ಲೇ ಉಳಿದ ಡೀಸೆಲ್ ಕಾರಿನ ಎಣ್ಣೆಯನ್ನು ಕಂಡರೆ, ಮಸಿ ಮತ್ತೆಲ್ಲಿ ಮೆತ್ತಿಕೊಂಡಿದೆಯೋ ಎಂದು ಅನುಮಾನಪಡಬೇಕು.

ಬಣ್ಣ ಬೇಡ, ಬೇರೆ ಪರೀಕ್ಷೆ ಬೇಕು ಎನ್ನುವವರಿಗೆ ಸೊಗಸಾದ ಉಪಾಯವೊಂದಿದೆ. ಕಾರು ಓಡಿ ಬಿಸಿಯಾಗಿರುವಾಗ ಡಿಪ್‌ಸ್ಟಿಕ್ಕಿನ ತುದಿಯಿಂದ ಒಂದೇ ಒಂದು ಹನಿಯನ್ನು ಫಿಲ್ಟರ್ ಪೇಪರ್ ಮೇಲೆ ಬೀಳಿಸಿ, ಕೆಲವು ಗಂಟೆ ಸಮತಟ್ಟಾಗಿ ಇಟ್ಟು ನೋಡಿ. ಡಿಸ್ಪರ್ಸೆಂಟ್ ಜೀವಂತವಾಗಿದ್ದರೆ ಮಸಿ ಎಣ್ಣೆಯ ಜೊತೆಗೇ ಹರಡುತ್ತಾ ಹೋಗಿ, ಅಂಚಿನ ಕಡೆಗೆ ತೆಳುವಾಗುವ ಬೂದುಬಣ್ಣದ ಅಗಲ ವೃತ್ತ ಮೂಡುತ್ತದೆ. ಸೋತಿದ್ದರೆ ಮಸಿ ನಡುವೆಯೇ ಕೂತುಬಿಡುತ್ತದೆ: ಒಳಗೆ ಗಟ್ಟಿ ಅಂಚಿನ ಕರಿಬೊಟ್ಟು, ಸುತ್ತ ಬರಿ ಎಣ್ಣೆಯ ಹಳದಿ ಉಂಗುರ. ಎರಡೂ ಎಣ್ಣೆ ಡಿಪ್‌ಸ್ಟಿಕ್ಕಿನ ಮೇಲೆ ಒಂದೇ ಥರ ಕಪ್ಪಾಗಿ ಕಾಣುತ್ತಿದ್ದವು ಎಂಬುದನ್ನು ಮರೆಯಬೇಡಿ. ಪ್ರಯೋಗಾಲಯದ ಪೂರ್ಣ ಪರೀಕ್ಷೆಗೆ ಇದು ಸಮವಲ್ಲ, ಆದರೆ ಎರಡು ಬೆರಳಿನ ತೀರ್ಪಿಗಿಂತ ಎಷ್ಟೋ ಮೇಲು.

ಇಷ್ಟೆಲ್ಲ ಇದ್ದರೂ 5,000ದ ಲೆಕ್ಕ ಆಕಾಶದಿಂದ ಉದುರಿದ್ದಲ್ಲ. ಕಾರ್ಬುರೇಟರ್ ಕಾಲದಲ್ಲಿ ಚೋಕ್ ಎಳೆದು ಎಂಜಿನ್ ಶುರುಮಾಡಿದಾಗ ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರಿನ ಗೋಡೆಗುಂಟ ಇಳಿದು ಎಣ್ಣೆಯನ್ನು ತೆಳುವಾಗಿಸುತ್ತಿತ್ತು. ಇಂಧನದಲ್ಲಿ ಗಂಧಕ ಯಥೇಚ್ಛವಾಗಿತ್ತು. ಅದು ಉರಿದು, ನೀರಿನೊಡನೆ ಸೇರಿ ಆಮ್ಲವಾಗುತ್ತಿತ್ತು. ಆ ಆಮ್ಲವನ್ನು ತಣಿಸಲೆಂದು ಎಣ್ಣೆಯಲ್ಲಿ ಬೆರೆಸಿದ ಕ್ಷಾರ ಬೇಗ ಖಾಲಿಯಾಗುತ್ತಿತ್ತು. ಭಾರತ್ ಸ್ಟೇಜ್ 2 (ಬಿಎಸ್2) ಡೀಸೆಲ್‌ನಲ್ಲಿ ಗಂಧಕ 500 ಪಿಪಿಎಂ ವರೆಗೂ ಇರಬಹುದಿತ್ತು. ಬಿಎಸ್4ರಲ್ಲಿ ಅದು 50ಕ್ಕಿಳಿಯಿತು. 2020ರ ಏಪ್ರಿಲ್ 1ರಿಂದ ಬಿಎಸ್6 ಬಂದ ಮೇಲೆ ಮಿತಿ ಕೇವಲ 10. ಕಾರ್ಬುರೇಟರಿನ ಜಾಗಕ್ಕೆ ಕಂಪ್ಯೂಟರ್ ಅಳೆದು ಕೊಡುವ ಇಂಜೆಕ್ಷನ್ ಬಂತು. ಎಣ್ಣೆಯೂ ಹೆಚ್ಚುಕಡಿಮೆ ಸಿಂಥೆಟಿಕ್ ಆಯಿತು. ಹಳೆಯ ನಿಯಮವನ್ನು ಹುಟ್ಟುಹಾಕಿದ ಕಾರಣಗಳು ಒಂದೊಂದಾಗಿ ಕರಗಿಹೋದವು, ನಿಯಮ ಮಾತ್ರ ಗ್ಯಾರೇಜಿನ ಗೋಡೆಯ ಮೇಲೆ ಉಳಿದುಕೊಂಡಿತು.

ಕರಗದೆ ಉಳಿದ ಶತ್ರು ನೀರು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ ಎಂದರೆ ಹಲವರು ನಂಬುವುದಿಲ್ಲ. ಲೆಕ್ಕ ಸರಳ: ಪೆಟ್ರೋಲಿನ ಅಣುವಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದೊಡನೆ ಸೇರಿದರೆ ಆಗುವುದು ನೀರೇ. ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೊರಹೋಗುತ್ತದೆ. ರಿಂಗಿನ ಸಂದಿಯಿಂದ ಕೆಳಗೆ ನುಸುಳಿದ ಸ್ವಲ್ಪ ಭಾಗ, ಎಂಜಿನ್ ತಣ್ಣಗಿದ್ದರೆ ಒಳಗೋಡೆಗಳ ಮೇಲೆ ಹನಿಗಟ್ಟಿ ಎಣ್ಣೆಗೆ ಇಳಿಯುತ್ತದೆ. ಜೊತೆಗೆ ಉರಿಯದ ಪೆಟ್ರೋಲೂ ಅಷ್ಟಿಷ್ಟು. ಎಣ್ಣೆ ಚೆನ್ನಾಗಿ ಕಾದು ಕೆಲಹೊತ್ತು ಹಾಗೇ ಇದ್ದರೆ ಇವೆರಡೂ ಆವಿಯಾಗಿ ಎಂಜಿನ್ನಿನ ಉಸಿರುಕೊಳವೆಯಿಂದ ಮರಳಿ ಉರಿಯುವ ಜಾಗಕ್ಕೆ ಹೋಗುತ್ತವೆ. ಆದರೆ ಡ್ಯಾಶ್‌ಬೋರ್ಡಿನ ಮುಳ್ಳು ತೋರಿಸುವುದು ಕೂಲೆಂಟಿನ ಶಾಖವನ್ನು; ಎಣ್ಣೆ ಅದಕ್ಕಿಂತ ಎಷ್ಟೋ ನಿಧಾನವಾಗಿ ಕಾಯುತ್ತದೆ. ಮಕ್ಕಳನ್ನು ಶಾಲೆಗೆ ಬಿಟ್ಟು ಎರಡು ಕಿಲೋಮೀಟರ್ ವಾಪಸ್ಸು ಬಂದು ಆಫ್ ಆಗುವ ಕಾರಿನಲ್ಲಿ ನೀರು ಸೇರುತ್ತಲೇ ಇರುತ್ತದೆ, ಆರುವುದಕ್ಕೆ ಅವಕಾಶವೇ ಸಿಗುವುದಿಲ್ಲ. ಅಂಥ ಕಾರು ವರ್ಷಕ್ಕೆ 3,000 ಕಿಲೋಮೀಟರ್ ಓಡಿದ್ದರೆ ‘ಇನ್ನೂ 7,000 ಬಾಕಿ ಇದೆ’ ಎಂದು ಮಾಲೀಕರು ಹಿಗ್ಗುವಂತಿಲ್ಲ. ಮಾರುತಿಯ ಪೆಟ್ರೋಲ್ ಕಾರುಗಳ ಪುಸ್ತಕದಲ್ಲಿ 10,000 ಕಿಲೋಮೀಟರಿನ ಪಕ್ಕದಲ್ಲೇ ‘ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಎಂದಿರುವುದು ಇದಕ್ಕೇ. ಜನ ಓದದೆ ಬಿಡುವ ಸಾಲೂ ಅದೇ.

ಇನ್ನು ಗಂಟೆಯ ಲೆಕ್ಕ. ಬೆಂಗಳೂರಿನ ಸಿಗ್ನಲ್ಲುಗಳ ನಡುವೆ ಸರಾಸರಿ ವೇಗ ಗಂಟೆಗೆ 20 ಕಿಲೋಮೀಟರ್ ಎಂದು ಹಿಡಿದರೆ 10,000 ಕಿಲೋಮೀಟರ್ ಮುಗಿಸಲು ಎಂಜಿನ್ 500 ಗಂಟೆ ದುಡಿಯಬೇಕು. ಹುಬ್ಬಳ್ಳಿಗೂ ಬೆಂಗಳೂರಿಗೂ ಹೆದ್ದಾರಿಯಲ್ಲಿ 80ರ ಸರಾಸರಿಯಲ್ಲಿ ಓಡುವ ಕಾರಿಗೆ ಅಷ್ಟೇ ದೂರಕ್ಕೆ 125 ಗಂಟೆ ಸಾಕು. ಮೀಟರಿನ ಅಂಕಿ ಒಂದೇ, ಎಣ್ಣೆ ದುಡಿದ ಹೊತ್ತು ಮಾತ್ರ ನಾಲ್ಕು ಪಟ್ಟು. ಇದನ್ನು ಮೊದಲೇ ಮನಗಂಡ ಜನರಲ್ ಮೋಟಾರ್ಸ್ ಕಂಪನಿ 1980ರ ದಶಕದ ಕೊನೆಯಲ್ಲೇ ಕಿಲೋಮೀಟರನ್ನು ಪಕ್ಕಕ್ಕಿಟ್ಟು ಬೇರೊಂದು ಲೆಕ್ಕ ಹಾಕುವ ವ್ಯವಸ್ಥೆಯನ್ನು ಕಾರಿಗೆ ಅಳವಡಿಸಿತು. ಅದರ ಸೊಗಸು ಏನೆಂದರೆ, ಎಣ್ಣೆಯ ಗುಣವನ್ನು ಪರೀಕ್ಷಿಸುವ ಯಾವ ಸೆನ್ಸರೂ ಅದಕ್ಕೆ ಬೇಕಿರಲಿಲ್ಲ. ಎಂಜಿನ್ ಎಷ್ಟು ಸುತ್ತು ತಿರುಗಿತು ಎಂದು ಎಣಿಸುತ್ತಾ, ಪ್ರತಿ ಸುತ್ತಿಗೂ ಆಗಿನ ಎಣ್ಣೆಯ ಶಾಖಕ್ಕೆ ತಕ್ಕ ದಂಡ ಹಾಕುತ್ತಾ ಹೋಗುವುದಷ್ಟೇ ಅದರ ಕೆಲಸ. ಅತಿ ಬಿಸಿಯಾದರೂ ದಂಡ, ತಣ್ಣಗಿದ್ದರೂ ದಂಡ, ನಡುವಿನ ಹದದಲ್ಲಿದ್ದರೆ ರಿಯಾಯಿತಿ. ನಮ್ಮ ಹಲವು ಕಾರುಗಳಲ್ಲಿ ಹೊಳೆಯುವ ಸರ್ವಿಸ್ ದೀಪ ಅಷ್ಟು ಜಾಣನಲ್ಲ, ದಿನವನ್ನೂ ಕಿಲೋಮೀಟರನ್ನೂ ಎಣಿಸುವುದಷ್ಟೇ ಅದಕ್ಕೆ ಗೊತ್ತು.

‘ಅದೆಲ್ಲ ಸರಿ, ಬೇಗ ಬದಲಿಸಿದರೆ ನಷ್ಟವೇನು? ಒಂದೆರಡು ಸಾವಿರ ಹೋದರೆ ಹೋಗಲಿ, ಎಂಜಿನ್ ಚೆನ್ನಾಗಿರುತ್ತದಲ್ಲ?’ ಎಂಬ ವಾದಕ್ಕೆ ಉತ್ತರ ಎಣ್ಣೆಯೊಳಗಿನ ಇನ್ನೊಂದು ಅದ್ಭುತದಲ್ಲಿದೆ. ಸತು ಮತ್ತು ರಂಜಕ ಇರುವ ಝಡ್‌ಡಿಡಿಪಿ ಎಂಬ ರಾಸಾಯನಿಕವನ್ನು 1940ರ ದಶಕದಲ್ಲಿ ಎಣ್ಣೆಗೆ ಬೆರೆಸಲು ಶುರುಮಾಡಿದ್ದು ಎಣ್ಣೆ ಹಳಸದಿರಲಿ ಎಂದು. ಅದು ಸವೆತವನ್ನೂ ತಡೆಯುತ್ತದೆ ಎಂಬುದು ಆಮೇಲೆ ತಿಳಿಯಿತು. ಕ್ಯಾಮಿನಂಥ ಭಾಗಗಳು ಲೋಹಕ್ಕೆ ಲೋಹ ಒತ್ತಿ ಉಜ್ಜುವ ಕಡೆ ಅದು ಗಾಜಿನಂಥ ಪದರವೊಂದನ್ನು ಕಟ್ಟುತ್ತದೆ. ದಪ್ಪ ಸುಮಾರು 100 ನ್ಯಾನೋಮೀಟರ್, ಅಂದರೆ ಕೂದಲಿನ ಕೆಲವು ನೂರರಲ್ಲಿ ಒಂದು ಪಾಲು. 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡದ ಪ್ರಯೋಗ ಈ ಪದರ ಹುಟ್ಟುವುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪಿನ ಸೂಜಿಮೊನೆಯನ್ನು ಎಣ್ಣೆಯೊಳಗೆ ಉಜ್ಜುತ್ತಾ ಹೋದಂತೆ, ಒತ್ತಡ ಹೆಚ್ಚಿದಷ್ಟೂ ಪದರ ಬೇಗ ಬೆಳೆಯಿತು. ಒಂದು ದಪ್ಪಕ್ಕೆ ಬಂದ ಮೇಲೆ ತಾನಾಗಿಯೇ ನಿಂತಿತು. ಎಲ್ಲಿ ಪೆಟ್ಟು ಬೀಳುತ್ತದೋ ಅಲ್ಲೇ, ಬೇಕಾದಷ್ಟೇ ಎದ್ದು ನಿಲ್ಲುವ ಕವಚ! ಈ ಕವಚ ಕಟ್ಟಲು ಕಾಲ ಬೇಕು. ಸ್ವಲ್ಪ ಓಡಿದ ಎಣ್ಣೆ ಹೊಚ್ಚಹೊಸ ಎಣ್ಣೆಗಿಂತ ಉತ್ತಮ ಕವಚ ಕಟ್ಟಿ ಸವೆತವನ್ನು ಕಡಿಮೆ ಮಾಡುತ್ತದೆ ಎಂದು ಫೋರ್ಡ್ ಕಂಪನಿಯ ಸಂಶೋಧಕರು ಪರೀಕ್ಷೆ ಮಾಡಿಯೇ ತೋರಿಸಿದ್ದಾರೆ. ಪದೇ ಪದೇ ಹೊಸ ಎಣ್ಣೆ ಹಾಕಿದರೆ ಎಂಜಿನ್ ಹಾಳಾಗುತ್ತದೆ ಎಂದು ಇದರ ಅರ್ಥವಲ್ಲ. ಖರ್ಚುಮಾಡಿ ಪಡೆದೆವೆಂದುಕೊಂಡ ಲಾಭ ಸಿಕ್ಕಿರುವುದಿಲ್ಲ, ಅಷ್ಟೇ. ಇದರ ಮೇಲೆ, ಹೊರತೆಗೆದ ಮೂರು ನಾಲ್ಕು ಲೀಟರ್ ಹಳೆ ಎಣ್ಣೆಯ ಚಿಂತೆ ಬೇರೆ. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಗೆದ್ದಲು ಹಿಡಿಯದಿರಲಿ ಎಂದು ಬೇಲಿಯ ಗೂಟಕ್ಕೋ ಕೊಟ್ಟಿಗೆಯ ಮರಕ್ಕೋ ಬಳಿಯುವ ನಮ್ಮ ಅಭ್ಯಾಸದಿಂದ ಅದು ಮಣ್ಣಿಗೂ ಬಾವಿಗೂ ಇಳಿಯುತ್ತದೆ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ‘ಕಂಪನಿಗಳ ಲೆಕ್ಕ ಪರದೇಶದ ನುಣುಪು ರಸ್ತೆಗೆ, ನಮ್ಮ ದೂಳಿಗೆ, ಬಿಸಿಲಿಗೆ ಅಲ್ಲ.’ ಆದರೆ ಆ ವ್ಯತ್ಯಾಸವನ್ನು ಪುಸ್ತಕ ಬರೆದವರು ಆಗಲೇ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಯುರೋಪಿನಲ್ಲಿ ಫೋಕ್ಸ್‌ವ್ಯಾಗನ್‌ನಂಥ ಕಂಪನಿಗಳು ವಿಶೇಷ ಎಣ್ಣೆಯೊಡನೆ 30,000 ಕಿಲೋಮೀಟರ್ ಅಥವಾ ಎರಡು ವರ್ಷದವರೆಗೂ ಅವಕಾಶ ಕೊಡುತ್ತವೆ. ನಮಗೆ ಹೇಳುವ 10,000 ಅದರ ಮೂರನೇ ಒಂದು ಭಾಗ. ಮೇಲಾಗಿ ಪುಸ್ತಕದ ಕೊನೆಯ ಪುಟಗಳಲ್ಲಿ ‘ಕಠಿಣ ಬಳಕೆ’ಯ ಪಟ್ಟಿಯೊಂದಿರುತ್ತದೆ: ದೂಳಿನ ರಸ್ತೆ, ನಿಂತು ನಿಂತು ಹೋಗುವ ಟ್ರಾಫಿಕ್, ಸಣ್ಣ ಸಣ್ಣ ಓಡಾಟ. ನಗರದ ಬಹುತೇಕ ಕಾರುಗಳು ಅದರಲ್ಲಿ ಬರುತ್ತವೆ. ಅಂಥ ಕಾರಿನವರು ಪುಸ್ತಕವೇ ಕೊಟ್ಟಿರುವ ಚಿಕ್ಕ ಅವಧಿಯನ್ನು ಹಿಡಿಯುವುದು ನ್ಯಾಯ. ಸಿಲಿಂಡರಿನೊಳಕ್ಕೇ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಟರ್ಬೊ ಎಂಜಿನ್ನುಗಳ ಮಟ್ಟಿಗೂ ಇದೇ ಮಾತು. ಅವುಗಳಲ್ಲಿ ಎಣ್ಣೆಗೆ ಪೆಟ್ರೋಲ್ ಸೇರುವುದು ಹೆಚ್ಚು, ಟರ್ಬೊದ ಶಾಖವೂ ಹೆಚ್ಚು. ವಾರಂಟಿ ಮುಗಿದ ಮೇಲೆ ಎಂಜಿನ್ನಿನ ಚಿಂತೆ ಕಂಪನಿಗಿರುವುದಿಲ್ಲ ಎಂಬ ಸಂದೇಹಕ್ಕೂ ಇಲ್ಲಿ ಜಾಗ ಕೊಡಬಹುದು. ಟರ್ಬೊ ಕಾರನ್ನು ಹದಿನೈದು ವರ್ಷ ಇಟ್ಟುಕೊಳ್ಳುವ ಇರಾದೆ ಇದ್ದವರು 7,000ಕ್ಕೇ ಬದಲಿಸಿದರೆ ಅದು ಮೂಢನಂಬಿಕೆ ಅನ್ನಿಸಿಕೊಳ್ಳದು.

ಈ ಚರ್ಚೆಯ ಗದ್ದಲದಲ್ಲಿ ಎಣ್ಣೆಯ ಮಟ್ಟವನ್ನು ಯಾರೂ ನೋಡುವುದಿಲ್ಲ ಎಂಬುದು ತಮಾಷೆ. ಹಳೆಯ ಎಣ್ಣೆಯಿಂದ ಎಂಜಿನ್ ನಿಧಾನವಾಗಿ ಸವೆದೀತು, ಎಣ್ಣೆ ಇಲ್ಲದಿದ್ದರೆ ನಿಮಿಷಗಳಲ್ಲಿ ಜಾಮ್ ಆಗುತ್ತದೆ. ತಿಂಗಳಿಗೊಮ್ಮೆ ಸಮತಟ್ಟು ಜಾಗದಲ್ಲಿ ಡಿಪ್‌ಸ್ಟಿಕ್ ಎಳೆದು ಎರಡು ಗುರುತುಗಳ ನಡುವೆ ಇದೆಯೇ ಎಂದು ನೋಡಿ. ಕಡಿಮೆಯಾಗಿದ್ದರೆ ಸುರಿಯಿರಿ. ಓಡುತ್ತಾ ಹೋದಂತೆ ಮಟ್ಟ ಏರಿದ್ದರೆ ಖುಷಿಪಡಬೇಡಿ, ಪೆಟ್ರೋಲೋ ಡೀಸೆಲ್ಲೋ ಕೆಳಗಿಳಿಯುತ್ತಿರುವ ಸಾಧ್ಯತೆ ಹೆಚ್ಚು. ಅಂಥ ಎಣ್ಣೆಯನ್ನು ಕಿಲೋಮೀಟರ್ ನೋಡದೆ ತೆಗೆಸಬೇಕು. ಹಾಗೆಯೇ ಎಣ್ಣೆ ಸುರಿಯುವ ಮುಚ್ಚಳ ತಿರುಗಿಸಿ ಒಳಮೈ ನೋಡಿ. ಮಡಿಕೇರಿಯ ಚಳಿಯಲ್ಲಿ ಪೇಟೆಗಷ್ಟೇ ಹೋಗಿಬರುವ ಕಾರುಗಳ ಮುಚ್ಚಳದಡಿ ಮಜ್ಜಿಗೆ ಬಣ್ಣದ ನೊರೆ ಕಟ್ಟಿರುವುದುಂಟು. ಆ ನೊರೆ ಕಂಡರೆ ಒರೆಸಿ, ಕಾರನ್ನು ಒಮ್ಮೆ ಮುಕ್ಕಾಲು ಗಂಟೆ ಬಿಡದೆ ಓಡಿಸಿ ಬಂದು ಮತ್ತೆ ನೋಡಿ. ಮತ್ತೆ ಕಟ್ಟದಿದ್ದರೆ ಅದು ಸಣ್ಣ ಓಡಾಟದ ನೀರು, ವರ್ಷದ ಗಡುವನ್ನು ಆರು ತಿಂಗಳಿಗೆ ಇಳಿಸಿಕೊಂಡರೆ ಸಾಕು. ಮತ್ತೆ ಕಟ್ಟಿ, ಕೂಲೆಂಟ್ ಡಬ್ಬಿಯ ಮಟ್ಟವೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಸೋರುತ್ತಿರಬಹುದು. ಆಗ ಎಣ್ಣೆ ಬದಲಿಸಿ ಪ್ರಯೋಜನವಿಲ್ಲ, ಕಾರನ್ನು ಓಡಿಸದೆ ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಬೇಕು.