ಬ್ರಷ್ ಹೋಗದ ಸಂದಿಗೆ ಗುಳ್ಳೆ ಹೋಗುತ್ತದೆ

ಕಾಮರ್ಸ್‌ನವರಿಗೆ ಪ್ರಯೋಗಾಲಯದಲ್ಲಿ ಏನು ಕೆಲಸ ಎಂದು ಸೈನ್ಸ್ ಗೆಳೆಯರು ಕೇಳಬಹುದು. ಒಂದು ಯಂತ್ರ ಕೊಂಡರೆ ಲಾಭವೋ ನಷ್ಟವೋ ಎಂದು ನೋಡುವುದು ನಮ್ಮ ವಿಷಯವೇ. ಆದರೆ ಲೆಕ್ಕಕ್ಕೆ ಮೊದಲು ಆ ಯಂತ್ರ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ಗೊತ್ತಿರಬೇಕು. ನಾನು ಹೇಳುತ್ತಿರುವುದು ಅಲ್ಟ್ರಾಸಾನಿಕ್ ಕ್ಲೀನರ್ ಬಗ್ಗೆ. ಇಳಕಲ್ಲಿನಲ್ಲಿರುವ ನನ್ನ ಮಾಮು ಅವರ ಕನ್ನಡಕದ ಅಂಗಡಿಯಲ್ಲಿ ಟಿಫಿನ್ ಡಬ್ಬಿಯಷ್ಟು ದೊಡ್ಡದೊಂದು ಇದೆ. ಹಲ್ಲಿನ ದವಾಖಾನೆ, ಬಂಗಾರದ ಅಂಗಡಿ, ಗಡಿಯಾರ ರಿಪೇರಿಯವರಲ್ಲೂ ಇದನ್ನು ಕಾಣಬಹುದು. ದೊಡ್ಡ ಪ್ರಯೋಗಾಲಯಗಳಲ್ಲಿ ಗಾಜಿನ ಸಾಮಾನು ಮತ್ತು ಉಪಕರಣ ತೊಳೆಯುವುದೂ ಇದರಿಂದಲೇ.

ಗಿರಾಕಿಗಳು ಇಣುಕಿ ನೋಡಿ "ಇದ್ರಾಗ ಬರೇ ನೀರೇನ್ರಿ?" ಎಂದು ಕೇಳುತ್ತಾರೆ. ಹೌದು, ನೀರು ಮತ್ತು ಒಂದೆರಡು ಹನಿ ಸೋಪು. ತಿರುಗುವ ಬ್ರಷ್ ಇಲ್ಲ, ಮೋಟಾರೂ ಇಲ್ಲ. ಸ್ಟೀಲ್ ತೊಟ್ಟಿಯ ತಳಕ್ಕೆ ಹೊರಗಿನಿಂದ ವಿಶೇಷ ಸೆರಾಮಿಕ್ ಬಿಲ್ಲೆಗಳನ್ನು ಅಂಟಿಸಿರುತ್ತಾರೆ. ವಿದ್ಯುತ್ ಕೊಟ್ಟರೆ ಅವು ಹಿಗ್ಗುತ್ತವೆ, ಕುಗ್ಗುತ್ತವೆ. ಸಾಮಾನ್ಯವಾಗಿ ಸೆಕೆಂಡಿಗೆ 40,000 ಸಲ. ನಮ್ಮ ಕಿವಿಗೆ ಕೇಳಿಸುವುದು ಸುಮಾರು 20,000ದವರೆಗೆ ಮಾತ್ರ, ಅದಕ್ಕೇ ಶ್ರವಣಾತೀತ ಎಂಬ ಹೆಸರು.

ತೊಟ್ಟಿಯ ತಳ ನಡುಗಿದಾಗ ನೀರು ಒಮ್ಮೆ ಒತ್ತಿಕೊಳ್ಳುತ್ತದೆ, ಒಮ್ಮೆ ಸಡಿಲಾಗುತ್ತದೆ. ದ್ರವದಲ್ಲಿ ಹೀಗೆ ಹರಿಯುವ ಶ್ರವಣಾತೀತ ಅಲೆಗಳು ಬೆಳಕನ್ನು ಹೇಗೆ ಚದುರಿಸುತ್ತವೆ ಎಂಬುದನ್ನು 1935-36ರಲ್ಲಿ ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್ ವಿವರಿಸಿದರು, ರಾಮನ್-ನಾಥ್ ಸಿದ್ಧಾಂತ ಎನ್ನುವುದು ಅದನ್ನೇ. ನಮಗೆ ಇಲ್ಲಿ ಬೇಕಾದದ್ದು ಆ ಸಡಿಲಾಗುವ ಗಳಿಗೆ. ಆಗ ನೀರಿನೊಳಗೆ ಕೂದಲೆಳೆಯಷ್ಟು ಸಣ್ಣ ಗುಳ್ಳೆಗಳು ಹುಟ್ಟುತ್ತವೆ. ಮತ್ತೆ ಒತ್ತಡ ಬಂದಾಗ ಅವು ಒಳಕ್ಕೆ ಕುಸಿದು ಒಡೆಯುತ್ತವೆ. ಗಾಜಿನ ಮೈಗೆ ಹತ್ತಿರ ಒಡೆದ ಗುಳ್ಳೆ ಆ ಮೈಯ ಕಡೆಗೇ ಸೂಜಿಯಂಥ ನೀರಿನ ಚಿಲುಮೆಯನ್ನು ಚಿಮ್ಮುತ್ತದೆ. ಕೊಳೆ ಕಿತ್ತುಬರುವುದು ಈ ಪೆಟ್ಟಿಗೆ.

ಬಾದಾಮಿಯ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವುದನ್ನು ನೀವು ನೋಡಿರುತ್ತೀರಿ. ಬಟ್ಟೆ ಕಲ್ಲಿಗೆ ಬಡಿದಾಗ ಕೊಳೆ ಬಿಡುತ್ತದೆ. ಇಲ್ಲಿ ಬಡಿಯುವುದು ಗುಳ್ಳೆ. ಒಂದು ಪೆಟ್ಟು ಏನೂ ಅಲ್ಲ, ಆದರೆ ಅಂಥ ಲಕ್ಷಾಂತರ ಪೆಟ್ಟುಗಳು, ಅದೂ ಎಲ್ಲ ಮೂಲೆಯಲ್ಲೂ. ವುಜೂ ಮಾಡುವಾಗ ಬೆರಳ ಸಂದಿಗೂ ನೀರು ಮುಟ್ಟಿಸುತ್ತೇವಲ್ಲ, ಹಾಗೆ ಇಕ್ಕಳದ ಕೀಲು, ಕನ್ನಡಕದ ಸ್ಕ್ರೂ, ಪಿಪೆಟ್ಟಿನ ಮೂತಿ, ಎಲ್ಲಿ ನೀರು ಹೋಗುತ್ತದೋ ಅಲ್ಲಿ ಗುಳ್ಳೆಯೂ ಹೋಗುತ್ತದೆ. ಬ್ರಷ್ ಅಲ್ಲಿಗೆ ಹೋಗದು.

ಯಂತ್ರ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಸುಲಭದ ಪರೀಕ್ಷೆಯಿದೆ. ಅಮ್ಮಿ ರೊಟ್ಟಿ ಸುತ್ತಿಕೊಡುವ ಅಲ್ಯೂಮಿನಿಯಂ ಹಾಳೆಯ ಒಂದು ಪಟ್ಟಿಯನ್ನು ನೀರಿನಲ್ಲಿ ನೆಟ್ಟಗೆ ಇಳಿಬಿಟ್ಟು ಒಂದು ನಿಮಿಷ ಹಿಡಿಯಬೇಕು. ಕೈ ನೀರಿಗೆ ತಾಗಬಾರದು. ತೆಗೆದು ಬೆಳಕಿಗೆ ಹಿಡಿದರೆ ಹಾಳೆಯ ತುಂಬ ಗುಳಿ, ಸಣ್ಣ ತೂತು. ಒಂದು ಕಡೆ ಮಾತ್ರ ಹಾಳೆ ನುಣ್ಣಗೇ ಉಳಿದಿದ್ದರೆ ಆ ಭಾಗದಲ್ಲಿ ಯಂತ್ರ ದುರ್ಬಲ ಎಂದು ಅರ್ಥ. ಮಾಮು ಇದನ್ನು ಆಗಾಗ ಮಾಡುತ್ತಾರೆ. ನನಗಂತೂ ಕಣ್ಣಿಗೆ ಕಾಣದ ಪೆಟ್ಟನ್ನು ಕಣ್ಣಿಗೆ ತೋರಿಸುವ ಈ ಹಾಳೆಯೇ ಯಂತ್ರಕ್ಕಿಂತ ಇಷ್ಟವಾಯಿತು.

ಈಗ ನಮ್ಮ ಕೆಮಿಸ್ಟ್ರಿ ಲ್ಯಾಬಿಗೆ ಬರೋಣ. ಬ್ಯುರೆಟ್ಟಿನ ಒಳಗೆ ಜಿಡ್ಡು ಇದ್ದರೆ ದ್ರಾವಣ ಗೋಡೆಗೆ ಹನಿಹನಿಯಾಗಿ ಅಂಟಿಕೊಳ್ಳುತ್ತದೆ. ಒಂದು ಹನಿ ಎಂದರೆ ಸುಮಾರು 0.05 ಮಿ.ಲೀ. ಬ್ಯುರೆಟ್ಟಿನ ಅತಿ ಸಣ್ಣ ಗೆರೆ 0.1 ಮಿ.ಲೀ. ಎರಡು ಹನಿ ಅಂಟಿದರೆ ಒಂದು ಗೆರೆ ತಪ್ಪಿತು. 30 ಅಂಕದ ಪ್ರಾಕ್ಟಿಕಲ್‌ನಲ್ಲಿ ಹುಡುಗಿಯೊಬ್ಬಳು ಎಷ್ಟೇ ಜಾಗ್ರತೆಯಿಂದ ಟೈಟ್ರೇಷನ್ ಮಾಡಿದರೂ ರೀಡಿಂಗ್ ಹೊಂದದಿರುವುದಕ್ಕೆ ಕಾರಣ ಅವಳ ಕೈ ಅಲ್ಲದೆ ಗಾಜಿನ ಜಿಡ್ಡೂ ಆಗಿರಬಹುದು.

ಹಾಗಾದರೆ ಬ್ಯುರೆಟ್ಟುಗಳನ್ನು ಯಂತ್ರಕ್ಕೆ ಹಾಕೋಣವೇ? ಹಾಕಲು ಆಗದು. 50 ಮಿ.ಲೀ. ಬ್ಯುರೆಟ್ಟು ಎರಡು ಅಡಿಗಿಂತ ಉದ್ದ, ಮೂರು ಲೀಟರಿನ ತೊಟ್ಟಿಯಲ್ಲಿ ಮಲಗುವುದೇ ಇಲ್ಲ. ಅಷ್ಟೇ ಅಲ್ಲ, ಪೊಟ್ಯಾಸಿಯಂ ಪರ್ಮಾಂಗನೇಟಿನ ಕಂದು ಕಲೆ ಮ್ಯಾಂಗನೀಸ್ ಡೈಆಕ್ಸೈಡಿನದು. ಅದು ಅಂಟಿದ ಧೂಳಲ್ಲ, ರಸಾಯನ ಕ್ರಿಯೆಯಿಂದಲೇ ಕರಗಬೇಕಾದ ಕಲೆ. ಆಕ್ಸಾಲಿಕ್ ಆಮ್ಲದ ದ್ರಾವಣಕ್ಕೆ ಸ್ವಲ್ಪ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿ ತೊಳೆದರೆ ಹೋಗುತ್ತದೆ. ಆ ಎರಡೂ ಟೈಟ್ರೇಷನ್ ಮೇಜಿನ ಮೇಲೆಯೇ ಇರುತ್ತವೆ! ಬೋರ್‌ವೆಲ್ ನೀರು ಬಿಟ್ಟುಹೋಗುವ ಬಿಳಿ ಕರೆಯೂ ಹಾಗೆಯೇ, ಅದಕ್ಕೆ ಬೇಕಾದದ್ದು ತೆಳು ಆಮ್ಲ. ಯಂತ್ರದಿಂದ ತೆಗೆದ ಗಾಜನ್ನು ಮತ್ತೆ ಬೋರ್‌ವೆಲ್ ನೀರಿನಲ್ಲಿ ಜಾಲಾಡಿಸಿ ಒಣಗಿಸಿದರೆ ಆ ಕರೆ ಪುನಃ ಬಂದೇ ಬರುತ್ತದೆ. ಕೊನೆಯ ನೀರು ಡಿಸ್ಟಿಲ್ಡ್ ಆಗಿರಬೇಕು.

ಹಾಗಿದ್ದೂ ಈ ಯಂತ್ರದ ಪರವಾಗಿ ಒಂದು ಗಟ್ಟಿ ಮಾತಿದೆ. ಹಟಮಾರಿ ಜಿಡ್ಡಿಗೆ ಪ್ರಯೋಗಾಲಯಗಳಲ್ಲಿ ಹಿಂದಿನಿಂದ ಬಳಸುತ್ತಿದ್ದುದು ಕ್ರೋಮಿಕ್ ಆಮ್ಲ, ಅಂದರೆ ಪೊಟ್ಯಾಸಿಯಂ ಡೈಕ್ರೋಮೇಟನ್ನು ಸಾಂದ್ರ ಸಲ್ಫ್ಯೂರಿಕ್ ಆಮ್ಲದಲ್ಲಿ ಬೆರೆಸಿದ್ದು. ಚರ್ಮ ಸುಡುತ್ತದೆ. ಅದರಲ್ಲಿರುವ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು. ಸಿಂಕಿಗೆ ಸುರಿದರೆ ಚರಂಡಿಗೆ, ಚರಂಡಿಯಿಂದ ಮಣ್ಣಿಗೆ. ಇದನ್ನು ಮುಟ್ಟಬೇಕಾದವರು ವಿದ್ಯಾರ್ಥಿಗಳಲ್ಲ, ಎಲ್ಲರೂ ಹೋದ ಮೇಲೆ ತೊಳೆಯಲು ನಿಲ್ಲುವ ಅಟೆಂಡರ್. ಸೋಪು ನೀರು ಮತ್ತು ಗುಳ್ಳೆಗಳು ಆ ಕೆಲಸದ ದೊಡ್ಡ ಪಾಲನ್ನು ಮಾಡುವುದಾದರೆ ಯಂತ್ರದ ಬೆಲೆಯ ಎದುರಿಗೆ ಅವರ ಕೈಗಳನ್ನೂ ಬರೆಯಬೇಕು. ನಮ್ಮ ಲೆಡ್ಜರಿನಲ್ಲಿ ಅದಕ್ಕೆ ಕಾಲಂ ಇಲ್ಲ, ಆದರೂ.

ಬಳಸುವ ಕ್ರಮ ಕಷ್ಟವಲ್ಲ. ಹೊಸ ನೀರಿನಲ್ಲಿ ಗಾಳಿ ಕರಗಿರುತ್ತದೆ, ಅದು ಗುಳ್ಳೆಯ ಪೆಟ್ಟಿಗೆ ದಿಂಬಿನಂತೆ ಅಡ್ಡ ಬರುತ್ತದೆ. ಆದ್ದರಿಂದ ಸಾಮಾನು ಹಾಕುವ ಮೊದಲು ಐದು-ಹತ್ತು ನಿಮಿಷ ಯಂತ್ರವನ್ನು ಬರೀ ನೀರಿನಲ್ಲಿ ಓಡಿಸಬೇಕು. ನೀರು 50-60 ಡಿಗ್ರಿ ಬೆಚ್ಚಗಿದ್ದರೆ ಗಾಜಿಗೆ ಒಳ್ಳೆಯದು. ರಕ್ತ ಅಂಟಿದ ಉಪಕರಣಕ್ಕೆ ಮಾತ್ರ ಅಷ್ಟು ಬಿಸಿ ಬೇಡ, 45 ಡಿಗ್ರಿ ದಾಟಿದರೆ ರಕ್ತದ ಪ್ರೋಟೀನು ಬೇಯಿಸಿದ ಮೊಟ್ಟೆಯಂತೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಸಾಮಾನನ್ನು ತಳದ ಮೇಲೆ ಇಡದೆ ಜಾಲರಿ ಬುಟ್ಟಿಯಲ್ಲಿ ಇಳಿಸಬೇಕು. ಬೀಕರಿನ ಬಾಯಿ ಮೇಲಿದ್ದು ಒಳಗೂ ನೀರು ತುಂಬಿರಬೇಕು. ಬಿರುಕು ಬಿಟ್ಟ ಗಾಜು ಒಡೆಯುತ್ತದೆ. ಮೈಕ್ರೋಸ್ಕೋಪಿನ ಲೆನ್ಸುಗಳನ್ನು ಒಂದಕ್ಕೊಂದು ಅಂಟಿಸಿರುತ್ತಾರೆ, ಅವು ಬಿಟ್ಟುಕೊಳ್ಳಬಹುದು. ಸ್ಪಿರಿಟ್, ಅಸಿಟೋನ್, ಪೆಟ್ರೋಲ್ ತೊಟ್ಟಿಗೆ ಸುರಿಯಲೇಬಾರದು, ಅವುಗಳ ಆವಿಗೆ ಬೆಂಕಿ ಹತ್ತೀತು. ಓಡುವಾಗ ಮುಚ್ಚಳ ಹಾಕಿರಬೇಕು, ಬೆರಳು ಹಾಕಬಾರದು.

ಇನ್ನೊಂದು ಮಾತು. ಶುಚಿ ಬೇರೆ, ಕ್ರಿಮಿನಾಶ ಬೇರೆ. ಹಲ್ಲಿನ ಡಾಕ್ಟರು ಇದರಲ್ಲಿ ತೊಳೆದ ಇಕ್ಕಳವನ್ನು ನೇರ ಬಾಯಿಗೆ ಇಡುವುದಿಲ್ಲ, ಆಟೋಕ್ಲೇವಿನಲ್ಲಿ 121 ಡಿಗ್ರಿ ಹಬೆಗೆ 15 ನಿಮಿಷ ಇಟ್ಟು ತೆಗೆಯುತ್ತಾರೆ.

ಕೊನೆಗೆ ನನ್ನ ಲೆಕ್ಕ. ಹೀಟರೂ ಸೇರಿ 250 ವ್ಯಾಟಿನ ಯಂತ್ರ ಎಂದುಕೊಂಡರೆ, ಹತ್ತು ನಿಮಿಷದಂತೆ 24 ಸಲ ಓಡಿಸಿದರೆ ಒಂದು ಯೂನಿಟ್. ಕರೆಂಟಿನ ಚಿಂತೆ ಇಲ್ಲ. ಚಿಂತೆ ಸವಕಳಿಯದು. ಅಕೌಂಟೆನ್ಸಿಯಲ್ಲಿ ಸವಕಳಿ ಎಂದರೆ ಪುಸ್ತಕದಲ್ಲಿ ಬರೆಯುವ ಅಂಕಿ; ಇಲ್ಲಿ ಅದು ನಿಜವಾದ ಸವಕಳಿ, ಗುಳ್ಳೆಗಳು ಕೊಳೆಯ ಜೊತೆ ತೊಟ್ಟಿಯ ಸ್ಟೀಲನ್ನೂ ದಿನದಿನವೂ ತಿನ್ನುತ್ತವೆ. ಹಡಗಿನ ಪ್ರೊಪೆಲ್ಲರುಗಳೂ ಹೀಗೆಯೇ ಸವೆಯುತ್ತವೆ. ಲಾರ್ಡ್ ರ‍್ಯಾಲೆ 1917ರಲ್ಲಿ ಗುಳ್ಳೆ ಕುಸಿಯುವ ಗಣಿತ ಬರೆದದ್ದು ಆ ತೊಂದರೆಯ ಹಿನ್ನೆಲೆಯಲ್ಲೇ. ದಿನವೂ ಹತ್ತಾರು ಉಪಕರಣ ತೊಳೆಯುವ ದವಾಖಾನೆಗೆ ಯಂತ್ರ ಬೇಗ ಹಣ ತೀರಿಸುತ್ತದೆ. ಪ್ರಾಕ್ಟಿಕಲ್ ಇದ್ದ ದಿನ ಮಾತ್ರ ತೊಳೆಯುವ ಪಿಯು ಕಾಲೇಜಿನಲ್ಲಿ ಅಷ್ಟು ಬೇಗ ತೀರದು. ಕೆಮಿಸ್ಟ್ರಿ ಮತ್ತು ಬಯಾಲಜಿ ಎರಡೂ ಸೇರಿ ಸಣ್ಣದೊಂದನ್ನು ಹಂಚಿಕೊಂಡರೆ ಪಿಪೆಟ್ಟು, ಸಣ್ಣ ಬಾಟಲಿ, ಚಿಮಟಗಳಿಗೆ ಸಾಕು. ಬ್ಯುರೆಟ್ಟಿಗೆ ಉದ್ದ ಬ್ರಷ್, ಸೋಪು ನೀರು ಮತ್ತು ಡಿಸ್ಟಿಲ್ಡ್ ನೀರೇ ಸರಿ. ತೊಳೆದ ಮೇಲೆ ನೀರು ತುಂಬಿ ಬಿಟ್ಟು ನೋಡಿ: ಗೋಡೆಯ ಮೇಲೆ ಹನಿ ನಿಲ್ಲದೆ ತೆಳು ಪದರವಾಗಿ ಇಳಿದುಹೋದರೆ ಬ್ಯುರೆಟ್ಟು ಶುಚಿಯಾಗಿದೆ, ಟೈಟ್ರೇಷನ್ ಶುರುಮಾಡಬಹುದು.