ಬಾಟಲಿಯಲ್ಲಿ ಹುಟ್ಟುವ ಬಾಳೆ

ನಾವು ತಿನ್ನುವ ಬಾಳೆಗೆ ಬೀಜವಿಲ್ಲ. ತಾಯಿಗಿಡದ ಬುಡದಲ್ಲೇಳುವ ಕಂದು ಕಿತ್ತು ನೆಡುವುದು ಹಿಂದಿನಿಂದ ಬಂದ ಪದ್ಧತಿ. ಆದರೆ ಕಂದಿನ ಜೊತೆಗೆ ಬಂಚಿ ಟಾಪ್ ನಂಜುರೋಗ, ಗೆಡ್ಡೆ ಕೊರೆಯುವ ಹುಳು, ಜಂತುಹುಳುಗಳೂ ಹೊಸ ತೋಟ ಸೇರುತ್ತವೆ. ಕಂದುಗಳೆಲ್ಲ ಒಂದೇ ವಯಸ್ಸಿನವಲ್ಲದ್ದರಿಂದ ಗೊನೆಯೂ ಹಿಂದುಮುಂದಾಗಿ ಬರುತ್ತದೆ. ಗಿಡದ ಪುಟ್ಟ ತುಣುಕನ್ನು ಬಾಟಲಿಯಲ್ಲಿ ಬೆಳೆಸಿ ಸಸಿ ಮಾಡುವ ಅಂಗಾಂಶ ಕೃಷಿ ರೈತರನ್ನು ಸೆಳೆದದ್ದು ಇದೇ ಕಾರಣಕ್ಕೆ. ಜಿ-9 ತಳಿ ಮನೆಮಾತಾದದ್ದೂ ಈ ವಿಧಾನದಿಂದಲೇ.

ಸಸ್ಯದ ಒಂದು ಜೀವಕೋಶವೂ ಇಡೀ ಗಿಡವಾಗಬಲ್ಲದೆಂಬ, ಈ ವಿಧಾನಕ್ಕೆ ಬುನಾದಿಯಾದ ವಿಚಾರವನ್ನು ಆಸ್ಟ್ರಿಯಾದ ವಿಜ್ಞಾನಿ ಹ್ಯಾಬರ್ಲಾಂಟ್ 1902ರಲ್ಲೇ ಮಂಡಿಸಿದ್ದರು. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ರೂಪಿಸಿದ ಪೋಷಕಾಂಶಗಳ ಸೂತ್ರ ‘ಎಂಎಸ್ ಮಾಧ್ಯಮ’ ಎಂಬ ಹೆಸರಿನಲ್ಲಿ ಇಂದಿಗೂ ಬಳಕೆಯಲ್ಲಿದೆ.

ಲ್ಯಾಬಿನಲ್ಲಿ ಮೊದಲು ಕಂದಿನ ಪದರಗಳನ್ನು ಒಂದೊಂದಾಗಿ ಸುಲಿಯುತ್ತಾರೆ. ಒಳಗಿನ ಬೆಳ್ಳನೆಯ ಮೊಳಕೆ ತುದಿಯನ್ನು ಔಷಧದಲ್ಲಿ ತೊಳೆದು, ಶುದ್ಧಗಾಳಿ ಹಾಯುವ ಪೆಟ್ಟಿಗೆಯೊಳಗೆ ಚಿಮಟದಿಂದ ಬಾಟಲಿಗಿಡುತ್ತಾರೆ. ಬಾಟಲಿಯಲ್ಲಿರುವುದು ಲವಣ, ಸಕ್ಕರೆ, ಚೋದಕಗಳನ್ನು ಕಡಲಪಾಚಿಯ ಅಗರ್‌ನಿಂದ ಗಟ್ಟಿಗೊಳಿಸಿದ ಆಹಾರ. ಅದನ್ನು ಮೊದಲೇ 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಬೇಯಿಸಿರುತ್ತಾರೆ. ಒಂದೇ ಒಂದು ಬೂಷ್ಟಿನ ಕಣ ಸೇರಿದರೂ ಆ ಬಾಟಲಿ ಕೆಟ್ಟಂತೆಯೇ. ಸುಮಾರು 25 ಡಿಗ್ರಿ ಉಷ್ಣಾಂಶದ ಕೋಣೆಯಲ್ಲಿ ಮೊಳಕೆ ಗುಂಪಾಗಿ ಒಡೆಯುತ್ತದೆ. ಮೂರು-ನಾಲ್ಕು ವಾರಕ್ಕೊಮ್ಮೆ ಅದನ್ನು ಬಿಡಿಸಿ ಹೊಸ ಬಾಟಲಿಗೆ ಹಾಕಬೇಕು. ಹೀಗೆ ಮಿತಿಮೀರಿ ಬಿಡಿಸುತ್ತ ಹೋದರೆ ತಳಿಯ ಗುಣ ಕೆಟ್ಟ ಗಿಡಗಳು ಬರುತ್ತವೆ. ಆದ್ದರಿಂದ ಎಂಟು ಸುತ್ತಿನ ಆಸುಪಾಸಿನಲ್ಲಿ ನಿಲ್ಲಿಸುವುದು ವಾಡಿಕೆ.

ಬೇರು ಬಂದ ಸಸಿ ಹೊರಗಿನ ಬಿಸಿಲು ಕಂಡಿರುವುದಿಲ್ಲ. ಮೊದಲು ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗಳಲ್ಲಿ, ಆಮೇಲೆ ನೆರಳುಪರದೆಯಡಿ ಪಾಲಿಥಿನ್ ಚೀಲಗಳಲ್ಲಿ ಅದನ್ನು ಹದಗೊಳಿಸುತ್ತಾರೆ. ಐದಾರು ಎಲೆ ಬಿಟ್ಟ ಮೇಲೆ ಗದ್ದೆಗೆ ಹೋಗುವ ಈ ಗಿಡಗಳು ಬಹುತೇಕ ಒಟ್ಟಿಗೇ ಗೊನೆ ಹಾಕುತ್ತವೆ. ವ್ಯಾಪಾರಿ ಒಂದೇ ಸಲ ತೋಟ ಕಟಾವು ಮಾಡಿಕೊಂಡು ಹೋಗಲು ಇದು ಅನುಕೂಲ.

ಆದರೂ ಒಂದು ಮಾತು ನೆನಪಿರಲಿ: ಲ್ಯಾಬ್ ಮಾಡುವುದು ನಕಲು. ತಾಯಿಗಿಡದಲ್ಲಿ ನಂಜು ಅಡಗಿದ್ದರೆ ಅದು ಸಾವಿರಾರು ಮರಿಗಳಿಗೂ ಹಂಚಿಹೋಗುತ್ತದೆ. ನಂಜನಗೂಡು ರಸಬಾಳೆಯನ್ನು ನೆಲಕಚ್ಚಿಸಿದ ಪನಾಮಾ ಸೊರಗು ರೋಗದ ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಬದುಕಿರುತ್ತದೆ. ಈ ರೋಗ ತಗಲುವ ತಳಿಯ ಶುದ್ಧ ಸಸಿಯೂ ಅಂಥ ನೆಲದಲ್ಲಿ ಉಳಿಯುವುದು ಕಷ್ಟ. ತಾಯಿಗಿಡದ ನಂಜುಪರೀಕ್ಷೆಗೂ ಸಸಿಗಳ ಗುಣಮಟ್ಟಕ್ಕೂ ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆ 2006ರಿಂದ ಪ್ರಮಾಣೀಕರಣ ವ್ಯವಸ್ಥೆ ನಡೆಸುತ್ತಿದೆ. ಸಸಿ ಕೊಳ್ಳುವ ರೈತರು ಬೆಲೆ ವಿಚಾರಿಸುವ ಮೊದಲು ಆ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು.